ಬಸಿರಿನಲ್ಲಿ ಹಾಕಿಸಿಕೊಂಡ ಕೋವಿಡ್ ಲಸಿಕೆ: ಆಗ ತಪ್ಪಾಯಿತಾ, ಈಗ ಮತ್ತೆ ಬೇಕಾ?

ಪ್ರಶ್ನೆ: ನನಗೆ 31 ವರ್ಷ, ಶಿವಮೊಗ್ಗದ ಹತ್ತಿರದವಳು. 2021ರಲ್ಲಿ ಮೊದಲ ಬಸಿರಿನಲ್ಲಿ ಕೋವಿಶೀಲ್ಡ್ ಎರಡೂ ಡೋಸ್ ಹಾಕಿಸಿಕೊಂಡೆ. ಜುಲೈನಲ್ಲಿ ಒಂದು, ಅಕ್ಟೋಬರ್‌ನಲ್ಲಿ ಇನ್ನೊಂದು. ಡಿಸೆಂಬರ್‌ನಲ್ಲಿ ಮಗ ಹುಟ್ಟಿದ. ಆರೋಗ್ಯವಾಗಿದ್ದಾನೆ, ಆದರೆ ಮಾತು ಸ್ವಲ್ಪ ತಡ. ಲಸಿಕೆಯಿಂದ ರಕ್ತ ಹೆಪ್ಪುಗಟ್ಟುತ್ತದೆ, ಹಾರ್ಟ್ ಅಟ್ಯಾಕ್ ಆಗುತ್ತದೆ ಎಂದು ಟಿವಿಯಲ್ಲಿ ಬಂದಾಗಿನಿಂದ ಅತ್ತೆ, ‘ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ಸೂಜಿ ಚುಚ್ಚಿಸಿಕೊಂಡೆಯಲ್ಲ’ ಎನ್ನುತ್ತಾರೆ. ಈಗ ಮತ್ತೆ 5 ತಿಂಗಳು. ನ್ಯೂಜೆರ್ಸಿಯಲ್ಲಿರುವ ನನ್ನ ತಂಗಿಯೂ ಬಸುರಿ. ಅವಳಿಗೆ ಅಲ್ಲಿನ ಡಾಕ್ಟರ್ ಹೊಸ ಕೋವಿಡ್ ಲಸಿಕೆ ಹಾಕಿಸಿಕೊ ಎಂದಿದ್ದಾರೆ. ನಮ್ಮ ಡಾಕ್ಟರ್ ಆ ವಿಷಯವನ್ನೇ ಎತ್ತಿಲ್ಲ. ಆಗ ನಾನು ತಪ್ಪು ಮಾಡಿದೆನಾ? ಈಗ ಮತ್ತೆ ಹಾಕಿಸಿಕೊಳ್ಳಬೇಕಾ?

ಉತ್ತರ: ಇಲ್ಲ, ತಪ್ಪು ಮಾಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಷ್ಟು ದಿನ ಈ ಮಾತನ್ನು ಎದೆಯಲ್ಲಿಟ್ಟುಕೊಂಡು ಓಡಾಡಿದ್ದೀರಿ ಎಂದು ಪತ್ರ ಓದುವಾಗಲೇ ಗೊತ್ತಾಗುತ್ತದೆ. ಎರಡನೇ ಪ್ರಶ್ನೆ ಅಷ್ಟು ಸುಲಭದ್ದಲ್ಲ. ಅದಕ್ಕೆ ನಿಮಗೊಂದು ಉತ್ತರ, ನಿಮ್ಮ ತಂಗಿಗೊಂದು ಉತ್ತರ ಕೊಡಬೇಕಾಗುತ್ತದೆ.

2021 ಹೇಗಿತ್ತು ಎಂಬುದನ್ನು ನಾವೆಲ್ಲ ಬೇಗ ಮರೆತಿದ್ದೇವೆ. ಆ ವರ್ಷ ಜನವರಿ 16ಕ್ಕೆ ದೇಶದಲ್ಲಿ ಲಸಿಕೆ ಶುರುವಾಯಿತು. ಬಸುರಿಯರಿಗೂ ಹಾಲೂಡಿಸುವ ತಾಯಂದಿರಿಗೂ ಬೇಡ ಎಂದರು. ಅವರಿಗೆ ಲಸಿಕೆಯಿಂದ ಏನೋ ತೊಂದರೆ ಆಗಿತ್ತು ಅಂತಲ್ಲ. ಪ್ರಯೋಗದ ಹಂತದಲ್ಲಿ ಬಸುರಿಯರನ್ನು ಸೇರಿಸಿಕೊಂಡೇ ಇರಲಿಲ್ಲ, ಹಾಗಾಗಿ ಕೈಯಲ್ಲಿ ಲೆಕ್ಕ ಇರಲಿಲ್ಲ. ಲೆಕ್ಕ ಇಲ್ಲ ಎನ್ನುವುದು ಜನರ ಬಾಯಲ್ಲಿ ‘ಅಪಾಯ ಇದೆ’ ಎಂದಾಯಿತು. ಇದು ನಮ್ಮ ವೈದ್ಯಕೀಯ ಲೋಕದ ಹಳೇ ಚಾಳಿ. ಬಸುರಿಯನ್ನು ಕಾಪಾಡುತ್ತೇವೆ ಎಂದು ಎಲ್ಲ ಪ್ರಯೋಗದಿಂದಲೂ ಹೊರಗಿಡುತ್ತೇವೆ, ಆಮೇಲೆ ಔಷಧಿ ಬೇಕಾದಾಗ ‘ನಮ್ಮಲ್ಲಿ ಮಾಹಿತಿ ಇಲ್ಲಮ್ಮ’ ಎನ್ನುತ್ತೇವೆ. ನನಗೆ ಈಗಲೂ ಇದರ ಬಗ್ಗೆ ಸಿಟ್ಟಿದೆ.

ಅಷ್ಟರಲ್ಲಿ ಎರಡನೇ ಅಲೆ ಬಂತು. ಹಾಲೂಡಿಸುವವರಿಗೆ ಅನುಮತಿ ಸಿಕ್ಕಿದ್ದು ಮೇ 19ಕ್ಕೆ. ಬಸುರಿಯರಿಗೆ ಸಿಕ್ಕಿದ್ದು ಜುಲೈ 2ಕ್ಕೆ. ಅಂದರೆ ಅಲೆ ಬಂದು, ಬಡಿದು, ಇಳಿದ ಮೇಲೆ. ನೀವು ಜುಲೈನಲ್ಲೇ ಹಾಕಿಸಿಕೊಂಡಿರಿ ಎಂದರೆ ದೇಶದಲ್ಲಿ ಮೊದಲು ಧೈರ್ಯ ಮಾಡಿದ ಬಸುರಿಯರಲ್ಲಿ ನೀವೂ ಒಬ್ಬರು.

ಆ ಮೇ ತಿಂಗಳ ಒಂದು ರಾತ್ರಿ ನನಗೆ ಮರೆಯುವುದಿಲ್ಲ. ಆಗ ನಾನಿದ್ದದ್ದು ಒಂದು ಜಿಲ್ಲಾ ಕೇಂದ್ರದಲ್ಲಿ. ಏಳೂವರೆ ತಿಂಗಳ ಹುಡುಗಿಯೊಬ್ಬಳನ್ನು ಆಟೋದಲ್ಲಿ ಕರೆತಂದರು. ಮನೆಯಲ್ಲೇ ಚಿಕ್ಕದಾಗಿ ಸೀಮಂತ ಆಗಿತ್ತು. ಎರಡೂ ಕೈ ತುಂಬಾ ಹಸಿರು ಬಳೆ, ಉಗುರಿಗೆ ಗಾಢ ಕೆಂಪು ಬಣ್ಣ. ಆಕ್ಸಿಮೀಟರ್ ಬೆರಳಿಗೆ ಹಾಕಿದರೆ ನಂಬರ್ ನಿಲ್ಲುತ್ತಲೇ ಇಲ್ಲ, ಒಮ್ಮೆ 91, ಒಮ್ಮೆ ಬರೀ ಗೆರೆ. ನೇಲ್ ಪಾಲಿಶ್ ಇದ್ದರೆ ಆ ಯಂತ್ರ ತಪ್ಪು ತೋರಿಸಬಹುದು. ಸಿಸ್ಟರ್ ಹತ್ತಿಗೆ ಸ್ಪಿರಿಟ್ ಹಾಕಿ ಒಂದು ಉಗುರು ಉಜ್ಜಿದರು. ಬಣ್ಣ ಹೋದ ಮೇಲೆ ನಂಬರ್ ನಿಂತಿತು: 86. ಉಸಿರಾಟ ಕಷ್ಟವಾದವರನ್ನು ಆಗ ಹೊಟ್ಟೆಯ ಮೇಲೆ ಕವುಚಿ ಮಲಗಿಸುತ್ತಿದ್ದೆವು. ಏಳೂವರೆ ತಿಂಗಳ ಹೊಟ್ಟೆ ಇಟ್ಟುಕೊಂಡು ಕವುಚಿ ಮಲಗುವುದು ಹೇಗೆ? ಎಡಕ್ಕೆ ಹೊರಳಿಸಿ, ಬೆನ್ನಿಗೊಂದು ದಿಂಬು, ಹೊಟ್ಟೆಯ ಕೆಳಗೆ ಮಡಿಚಿದ ಕಂಬಳಿ ಕೊಟ್ಟು ಇಡೀ ರಾತ್ರಿ ಕೂತಿದ್ದೆವು. ಅವಳು ಉಳಿದಳು, ಮಗು ದಿನ ತುಂಬುವ ಮೊದಲೇ ಹುಟ್ಟಿತು. ಅದೇ ವಾರ್ಡ್‌ನಲ್ಲಿ ಉಳಿಯದವರೂ ಇದ್ದರು. ಅವರಲ್ಲಿ ಒಬ್ಬರಿಗೂ ಲಸಿಕೆ ಆಗಿರಲಿಲ್ಲ, ಆಗುವಂತೆಯೇ ಇರಲಿಲ್ಲ.

ಇದು ನನ್ನ ಒಂದು ವಾರ್ಡಿನ ಕಥೆ ಮಾತ್ರ ಅಲ್ಲ. ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಬಸುರಿಯರ ಮತ್ತು ಬಾಣಂತಿಯರ ಕೋವಿಡ್ ದಾಖಲೆಗಳನ್ನು ಒಟ್ಟುಮಾಡಿತ್ತು. ಒಟ್ಟು 1,530 ಜನ. ಮೊದಲ ಅಲೆಯಲ್ಲಿ ರೋಗಲಕ್ಷಣ ಕಂಡದ್ದು ಶೇ 14.2ರಷ್ಟು ಜನರಿಗೆ, ಎರಡನೇ ಅಲೆಯಲ್ಲಿ ಶೇ 28.7ರಷ್ಟು ಜನರಿಗೆ. ಸಾವಿನ ಪ್ರಮಾಣ ಶೇ 0.7ರಿಂದ ಶೇ 5.7ಕ್ಕೆ ಏರಿತ್ತು. ನೂರಕ್ಕೆ ಆರು ತಾಯಂದಿರು ಅಂತ ಲೆಕ್ಕ ಹಾಕಿ. ನೀವು ಲಸಿಕೆಗೆ ತೋಳು ಕೊಟ್ಟಾಗ ನಿಮ್ಮ ಎದುರಿಗಿದ್ದ ಆಯ್ಕೆ ‘ಸೂಜಿಯಾ, ಸುಮ್ನಿರೋದಾ’ ಎಂದಾಗಿರಲಿಲ್ಲ. ಸೂಜಿ ಒಂದು ಕಡೆ, ಈ ಕಾಯಿಲೆ ಇನ್ನೊಂದು ಕಡೆ.

ಬಸುರಿಯರಿಗೇ ಯಾಕೆ ಅಷ್ಟು ಜೋರು ಎಂದು ಕೇಳಬಹುದು. ಗರ್ಭಕೋಶ ದೊಡ್ಡದಾದಂತೆ ಎದೆ ಮತ್ತು ಹೊಟ್ಟೆಯ ನಡುವಿನ ವಪೆ ಮೇಲಕ್ಕೆ ಸರಿಯುತ್ತದೆ. ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಯುವ ಗಾಳಿಯ ದಾಸ್ತಾನು ಐದರಲ್ಲೊಂದು ಪಾಲು ಕಡಿಮೆಯಾಗುತ್ತದೆ. ಅದೇ ಹೊತ್ತಿಗೆ ಆಮ್ಲಜನಕದ ಬೇಡಿಕೆ ಹೆಚ್ಚಾಗಿರುತ್ತದೆ. ಸಂಬಳ ಕಡಿಮೆಯಾಗಿ ಖರ್ಚು ಜಾಸ್ತಿಯಾದ ಮನೆ ಇದ್ದ ಹಾಗೆ. ಸುಮ್ಮನಿದ್ದಾಗ ನಡೆಯುತ್ತದೆ, ಒಂದು ನ್ಯುಮೋನಿಯಾ ಬಂದರೆ ಕುಸಿಯುತ್ತದೆ. ಜೊತೆಗೆ ಹೆರಿಗೆಯಲ್ಲಿ ರಕ್ತ ಹೆಚ್ಚು ಹೋಗದಿರಲಿ ಎಂದು ಪ್ರಕೃತಿಯೇ ಬಸುರಿಯ ರಕ್ತವನ್ನು ಬೇಗ ಹೆಪ್ಪುಗಟ್ಟುವ ಹಾಗೆ ಮಾಡಿರುತ್ತದೆ. ಕೋವಿಡ್ ಕೂಡ ರಕ್ತ ಹೆಪ್ಪುಗಟ್ಟಿಸುವ ಕಾಯಿಲೆ. ಎರಡೂ ಒಟ್ಟಿಗೆ ಸೇರಿದವು.

ಮಗುವಿನ ಕಡೆಯಿಂದಲೂ ನೋಡಿ. ಭಾರತವೂ ಸೇರಿ 18 ದೇಶಗಳಲ್ಲಿ ನಡೆದ ಅಧ್ಯಯನದಲ್ಲಿ, ಕೋವಿಡ್ ಆದ ಬಸುರಿಯರಲ್ಲಿ ದಿನ ತುಂಬದ ಹೆರಿಗೆ ಮತ್ತು ಬಿಪಿ ಏರಿ ಬರುವ ತೊಂದರೆ ಎರಡೂ ಉಳಿದವರಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚಿದ್ದವು. ಅಮೆರಿಕದ ಹೆರಿಗೆ ದಾಖಲೆಗಳಲ್ಲಿ, ವೈರಸ್‌ನ ಡೆಲ್ಟಾ ತಳಿ ಬಂದ ಮೇಲೆ ಕೋವಿಡ್ ಆದ ತಾಯಂದಿರಲ್ಲಿ ಹೊಟ್ಟೆಯಲ್ಲೇ ಮಗು ತೀರಿಹೋಗುವ ಅಪಾಯ ಸುಮಾರು ನಾಲ್ಕು ಪಟ್ಟಾಗಿತ್ತು. ಕೆಲವರಲ್ಲಿ ವೈರಸ್ ಮಾಸುಚೀಲವನ್ನೇ ಹಾಳು ಮಾಡುತ್ತಿತ್ತು. ಮಗುವಿಗೆ ಸೋಂಕು ತಗುಲದಿದ್ದರೂ ಅದಕ್ಕೆ ಊಟ-ಉಸಿರು ಹೋಗುವ ದಾರಿ ಕಟ್ಟಿಹೋಗುತ್ತಿತ್ತು. ಸ್ಕಾಟ್ಲೆಂಡ್‌ನಲ್ಲಿ 2021ರ ಅಕ್ಟೋಬರ್‌ವರೆಗಿನ ಲೆಕ್ಕ ತೆಗೆದರು. ಕೋವಿಡ್‌ನಿಂದ ತೀವ್ರ ನಿಗಾ ಘಟಕಕ್ಕೆ ಹೋದ ಬಸುರಿಯರಲ್ಲಿ ನೂರಕ್ಕೆ 98 ಜನ ಲಸಿಕೆ ಹಾಕಿಸಿಕೊಳ್ಳದವರು.

ಈಗ ಟಿವಿಯ ಮಾತಿಗೆ ಬರೋಣ. ರಕ್ತ ಹೆಪ್ಪುಗಟ್ಟುವ ಸುದ್ದಿ ಸುಳ್ಳಲ್ಲ. ಕೋವಿಶೀಲ್ಡ್ ತರಹದ ಲಸಿಕೆಯಿಂದ ತೀರಾ ಅಪರೂಪಕ್ಕೆ ಹಾಗಾಗುತ್ತದೆ. ಪ್ಲೇಟ್‌ಲೆಟ್ ಇಳಿಯುತ್ತದೆ, ಅದರ ಜೊತೆಗೇ ಮೆದುಳು ಅಥವಾ ಹೊಟ್ಟೆಯ ರಕ್ತನಾಳದಲ್ಲಿ ಗಡ್ಡೆ ಕಟ್ಟುತ್ತದೆ. 2024ರಲ್ಲಿ ಈ ಲಸಿಕೆಯ ಮೂಲ ಕಂಪನಿ ಆಸ್ಟ್ರಾಜೆನೆಕಾ ಲಂಡನ್ನಿನ ಕೋರ್ಟಿನಲ್ಲಿ ಇದನ್ನು ಒಪ್ಪಿಕೊಂಡಿತು ಎಂದು ದೊಡ್ಡ ಸುದ್ದಿಯಾಯಿತು. ಆದರೆ ವೈದ್ಯರಿಗೆ ಇದು 2021ರ ಏಪ್ರಿಲ್‌ನಲ್ಲೇ ಗೊತ್ತಿತ್ತು. ನಮ್ಮ ಸರ್ಕಾರದ ಸಮಿತಿಯೂ ಆ ಮೇನಲ್ಲೇ ಲೆಕ್ಕ ಪ್ರಕಟಿಸಿತ್ತು. 10 ಲಕ್ಷ ಡೋಸ್‌ಗೆ 0.61, ಅಂದರೆ ಒಂದು ಕೋಟಿ ಡೋಸ್‌ಗೆ ಆರು. ನಮ್ಮಲ್ಲಿ ಇಂಥವು ವರದಿಯಾಗುವುದೇ ಕಡಿಮೆ, ಹಾಗಾಗಿ ನಿಜವಾದ ಸಂಖ್ಯೆ ಇದಕ್ಕಿಂತ ಜಾಸ್ತಿ ಇದ್ದಿರಬಹುದು ಎಂದೇ ಇಟ್ಟುಕೊಳ್ಳಿ. ಬ್ರಿಟನ್ನಿನಲ್ಲಿ ಅದೇ ಹೊತ್ತಿಗೆ 10 ಲಕ್ಷಕ್ಕೆ ನಾಲ್ಕು ಎಂದಿತ್ತು. ಅದನ್ನೇ ಹಿಡಿದರೂ ಕಾಯಿಲೆಯ ಲೆಕ್ಕದ ಹತ್ತಿರಕ್ಕೂ ಬರುವುದಿಲ್ಲ.

ನಿಮಗೆ ಮುಖ್ಯವಾದ ಮಾತು ಇನ್ನೊಂದಿದೆ. ಆ ತೊಂದರೆ ಆಗುವುದಿದ್ದರೆ ಡೋಸ್ ಹಾಕಿಸಿಕೊಂಡ ನಾಲ್ಕನೇ ದಿನದಿಂದ ಸುಮಾರು ಆರು ವಾರದೊಳಗೆ ಆಗುತ್ತದೆ. ನಿಮ್ಮ ಎರಡನೇ ಡೋಸ್ 2021ರ ಅಕ್ಟೋಬರ್‌ನಲ್ಲಿ ಆದದ್ದು. ಆ ಗಡಿಯಾರ ನಿಂತು ವರ್ಷಗಳೇ ಆದವು. ಮೈಯಲ್ಲಿ ಎಲ್ಲೋ ಅಡಗಿ ಕೂತು ಈ ಬಸಿರಿನಲ್ಲಿ ಎದ್ದು ಬರುವಂಥದ್ದು ಏನೂ ಇಲ್ಲ.

ಹಾರ್ಟ್ ಅಟ್ಯಾಕ್ ಭಯ ನಿಮ್ಮ ಮನೆಗೆ ಬಂದದ್ದು ಬಹುಶಃ ಹಾಸನದ ಸುದ್ದಿಯಿಂದ. 2025ರ ಜೂನ್-ಜುಲೈನಲ್ಲಿ ಚಾನೆಲ್‌ಗಳು ದಿನಾ ಒಂದು ಸಾವು ಲೆಕ್ಕ ಹಾಕುತ್ತಿದ್ದವು. ಆಗ ರಾಜ್ಯ ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿಯಿಂದ ವರದಿ ಪಡೆಯಿತು. ಕೋವಿಡ್ ಲಸಿಕೆಗೂ ಈ ಸಾವುಗಳಿಗೂ ನಂಟು ಕಾಣಲಿಲ್ಲ ಎಂದು ಅವರು ಹೇಳಿದರು. ಅದಕ್ಕೂ ಮೊದಲು ಐಸಿಎಂಆರ್ 19 ರಾಜ್ಯಗಳ 47 ಆಸ್ಪತ್ರೆಗಳ ಮೂಲಕ 18ರಿಂದ 45 ವರ್ಷದವರ ಹಠಾತ್ ಸಾವುಗಳನ್ನು ನೋಡಿತ್ತು. ಲಸಿಕೆ ಹಾಕಿಸಿಕೊಂಡವರಲ್ಲಿ ಅಂಥ ಸಾವಿನ ಅಪಾಯ ಕಡಿಮೆಯೇ ಇತ್ತು. ಈ ಎರಡನೇ ಸುದ್ದಿಗೆ ಯಾರೂ ಕೆಂಪು ಅಕ್ಷರದ ಪಟ್ಟಿ ಓಡಿಸಲಿಲ್ಲ, ಬಿಡಿ.

ಲಸಿಕೆ ಹಾಕಿಸಿಕೊಂಡರೆ ಮಕ್ಕಳಾಗುವುದಿಲ್ಲ ಎಂಬ ವಾಟ್ಸಾಪ್ ಮೆಸೇಜ್ ನೆನಪಿದೆಯಾ? ಅದಕ್ಕೆ ನಿಮ್ಮ 5 ತಿಂಗಳ ಹೊಟ್ಟೆಯೇ ಉತ್ತರ.

ಮಗನ ಮಾತಿನ ವಿಷಯ. ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಯಾಕೆಂದರೆ ನಿಮ್ಮ ಪತ್ರದಲ್ಲಿ ನನಗೆ ಚಿಂತೆ ಆದದ್ದು ಇದೊಂದೇ. ಕೋವಿಶೀಲ್ಡ್‌ನಲ್ಲಿ ಇರುವುದು ಚಿಂಪಾಂಜಿಗೆ ಶೀತ ತರುವ ಒಂದು ವೈರಸ್. ಅದು ಮರಿ ಹಾಕದ ಹಾಗೆ ಅದರ ಒಂದು ಜೀನ್ ಕಿತ್ತುಹಾಕಿರುತ್ತಾರೆ. ತೋಳಿನಲ್ಲಿ ಕೆಲಸ ಮುಗಿಸಿ ಅದು ಅಳಿದುಹೋಗುತ್ತದೆ. ಮಾಸುಚೀಲ ದಾಟಿ ಮಗುವಿಗೆ ಹೋಗುವುದು ನಿಮ್ಮ ರಕ್ತದಲ್ಲಿ ತಯಾರಾದ, ವೈರಸ್ ಜೊತೆ ಹೋರಾಡುವ ಪ್ರತಿಕಾಯಗಳು, ಅದೂ ಕೊನೆಯ ಮೂರು ತಿಂಗಳಲ್ಲಿ ಜಾಸ್ತಿ. ನಿಮ್ಮ ಅಕ್ಟೋಬರ್‌ನ ಡೋಸ್ ಸರಿಯಾಗಿ ಆ ಹೊತ್ತಿಗೇ ಬಿದ್ದಿದೆ. ಅವನು ಹುಟ್ಟಿದ್ದು ಡಿಸೆಂಬರ್‌ನಲ್ಲಿ, ಜನವರಿಯಲ್ಲಿ ಒಮಿಕ್ರಾನ್ ಬಂತು. ಎಳೆ ಕೂಸಿಗೆ ಹಾಕುವ ಕೋವಿಡ್ ಲಸಿಕೆ ಇರಲಿಲ್ಲ. ಅವನ ಪಾಲಿಗೆ ಸಿಕ್ಕಿದ ರಕ್ಷಣೆ ನಿಮ್ಮದೇ.

ಬೆಳವಣಿಗೆಯ ಬಗ್ಗೆಯೂ ಅಧ್ಯಯನ ಆಗಿದೆ. ಅಮೆರಿಕದಲ್ಲಿ 2 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಒಂದು ವರ್ಷ ಮತ್ತು ಒಂದೂವರೆ ವರ್ಷದ ವಯಸ್ಸಿನಲ್ಲಿ ನೋಡಿದರು. ತಾಯಿ ಬಸಿರಿನಲ್ಲಿ ಲಸಿಕೆ ಪಡೆದಿದ್ದರೂ ಪಡೆಯದಿದ್ದರೂ ಮಕ್ಕಳ ಬೆಳವಣಿಗೆಯಲ್ಲಿ ವ್ಯತ್ಯಾಸ ಇರಲಿಲ್ಲ. ಸ್ವೀಡನ್ ಮತ್ತು ನಾರ್ವೆಯಲ್ಲಿ ಸುಮಾರು 2 ಲಕ್ಷ ಶಿಶುಗಳ ದಾಖಲೆ ನೋಡಿದಾಗ, ಲಸಿಕೆ ಪಡೆದ ತಾಯಂದಿರ ಮಕ್ಕಳಲ್ಲಿ ಮೊದಲ ತಿಂಗಳ ಸಾವು ಕಡಿಮೆಯೇ ಇತ್ತು. ಈ ದೊಡ್ಡ ಲೆಕ್ಕಗಳು ಹೆಚ್ಚಾಗಿ ಫೈಜರ್, ಮಾಡರ್ನಾದಂಥ ಎಂಆರ್‌ಎನ್‌ಎ ಎಂಬ ಬೇರೆ ಬಗೆಯ ಲಸಿಕೆಯವು ಎಂಬುದನ್ನು ಮುಚ್ಚಿಡುವುದಿಲ್ಲ. ಕೋವಿಶೀಲ್ಡ್ ಬಗ್ಗೆ ಇರುವ ಮಾಹಿತಿ ಅದಕ್ಕಿಂತ ಚಿಕ್ಕದು. ಅದರ ಪ್ರಯೋಗದ ನಡುವೆಯೇ ಬಸುರಿಯಾದ ಹೆಂಗಸರನ್ನು ಗಮನಿಸಿದಾಗ, ಗರ್ಭಪಾತ ಉಳಿದವರಿಗಿಂತ ಹೆಚ್ಚಿರಲಿಲ್ಲ.

ಹಾಗಾದರೆ ಮಾತು ಯಾಕೆ ತಡ? ಕಿವಿ ಪರೀಕ್ಷೆ ಮಾಡಿಸಿದ್ದೀರಾ? ಮಾತು ತಡವಾದ ಮಗುವಿಗೆ ಮೊದಲು ಮಾಡಿಸಬೇಕಾದ್ದು ಅದು. ಪದೇ ಪದೇ ಶೀತ ಆಗಿ ಕಿವಿಯ ಒಳಗೆ ನೀರು ನಿಂತರೂ ಮಗುವಿಗೆ ಅರೆಬರೆ ಕೇಳಿಸುತ್ತದೆ. ಊಟ ಮಾಡಿಸಲು ಕೈಗೆ ಮೊಬೈಲ್ ಕೊಡುವ ಅಭ್ಯಾಸ ಇದೆಯಾ ಎಂದೂ ನೋಡಿ. ಒಂದು ಸಲ ಮಕ್ಕಳ ಡಾಕ್ಟರ್ ಹತ್ತಿರ ಈ ವಿಷಯಕ್ಕೆಂದೇ ಹೋಗಿ. ‘ಲಸಿಕೆಯಿಂದ ಆಗಿದೆ’ ಎಂದು ಮನೆಯವರೆಲ್ಲ ತೀರ್ಮಾನ ಮಾಡಿ ಕೂತರೆ ನಿಜವಾದ ಕಾರಣ ಹುಡುಕುವುದೇ ನಿಂತುಹೋಗುತ್ತದೆ. ನನ್ನ ಭಯ ಅದು.

ಅತ್ತೆಯವರ ಮೇಲೆ ನನಗೆ ಕೋಪ ಇಲ್ಲ. ಆದರೆ ಅವರನ್ನು ಒಂದು ಮಾತು ಕೇಳಿ: ನಿಮ್ಮ ಗಂಡ ಹೊಟ್ಟೆಯಲ್ಲಿದ್ದಾಗ ಅವರು ಟಿಟಿ ಇಂಜೆಕ್ಷನ್ ಹಾಕಿಸಿಕೊಂಡಿರಲಿಲ್ಲವಾ? ಅವರ ಕಾಲದಲ್ಲೇ ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ಟಿಟಿ ಕೊಡುತ್ತಿದ್ದರು. ಅದೂ ಸೂಜಿಯೇ, ಅದೂ ಲಸಿಕೆಯೇ. ತಾಯಿಗೆ ಕೊಟ್ಟರೆ ಹುಟ್ಟುವ ಕೂಸಿಗೆ ಧನುರ್ವಾಯು ಬರುವುದಿಲ್ಲ ಎಂಬುದೇ ಅದರ ಉದ್ದೇಶ. ಹಿಂದೆ ಹುಟ್ಟಿದ ಒಂದು ವಾರದಲ್ಲಿ ಬಾಯಿ ಕಚ್ಚಿ, ಸೆಟೆದು ಸಾಯುತ್ತಿದ್ದ ಕೂಸುಗಳನ್ನು ಹಳ್ಳಿಯ ಹಿರಿಯರು ನೋಡಿರುತ್ತಾರೆ. 2015ರಲ್ಲಿ ಭಾರತ ಆ ಪಿಡುಗಿನಿಂದ ಪಾರಾಯಿತು ಎಂದು ಘೋಷಣೆಯಾಯಿತು. ಬಸಿರಿನಲ್ಲಿ ಕೊಡಬಾರದ ಲಸಿಕೆಗಳು ಇವೆ. ರುಬೆಲ್ಲಾ, ಸೀತಾಳೆ ಸಿಡುಬಿನ ಲಸಿಕೆಯಂಥವು, ಯಾಕೆಂದರೆ ಅವುಗಳಲ್ಲಿ ಜೀವಂತ ವೈರಸ್ ಇರುತ್ತದೆ. ಕೋವಿಶೀಲ್ಡ್, ಕೋವ್ಯಾಕ್ಸಿನ್ ಎರಡೂ ಆ ಗುಂಪಿನವಲ್ಲ.

ಇನ್ನು ಈಗಿನ ವಿಷಯ. 2021ರ ಭಯವನ್ನು ಹಾಗೇ ಎತ್ತಿ ಇವತ್ತಿಗೆ ಇಡುವುದು ಸರಿಯಲ್ಲ. ನಿಮಗೆ ಎರಡು ಡೋಸ್ ಆಗಿವೆ. ಅದರ ಮೇಲೆ ಒಮಿಕ್ರಾನ್ ಒಂದಲ್ಲ ಒಂದು ಸಲ ಬಂದು ಹೋಗಿರುತ್ತದೆ, ಬರೀ ನೆಗಡಿ ಎಂದುಕೊಂಡಿರುತ್ತೀರಿ. ಹಾಗಾಗಿ ನಿಮ್ಮ ವಯಸ್ಸಿನ, ಬೇರೆ ಕಾಯಿಲೆ ಇಲ್ಲದ ಬಸುರಿಗೆ ಅಪಾಯ ಆಗಿನದಕ್ಕಿಂತ ಬಹಳ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಲ್ಲಿ ಪ್ರತಿ ಬಸಿರಿಗೂ ಒಂದು ಡೋಸ್ ಎಂದಿದೆ, ಹಿಂದಿನ ಡೋಸ್ ಆಗಿ ಆರು ತಿಂಗಳು ಕಳೆದಿದ್ದರೆ. ಆದರೆ ನಮ್ಮಲ್ಲಿ ಹಾಗೊಂದು ಪದ್ಧತಿ ಜಾರಿಯಲ್ಲಿಲ್ಲ, ಹೊಸ ತಳಿಗೆ ಹೊಂದುವ ಲಸಿಕೆ ಹೆಚ್ಚಿನ ಕಡೆ ಸಿಗುವುದೂ ಇಲ್ಲ. ನಿಮ್ಮ ಡಾಕ್ಟರ್ ವಿಷಯ ಎತ್ತದಿರುವುದಕ್ಕೆ ಇದೇ ಕಾರಣ ಇರಬೇಕು. ನಿಮ್ಮ ಮಟ್ಟಿಗೆ ನಾನು ಹೇಳುವುದು: ಅದಕ್ಕಾಗಿ ಬೆಂಗಳೂರು, ಮಂಗಳೂರು ಎಂದು ಅಲೆಯಬೇಡಿ. ಸಕ್ಕರೆ ಕಾಯಿಲೆ, ಬಿಪಿ, ಆಸ್ತಮಾ, ಹೃದಯದ ತೊಂದರೆ, ಅಂಗಾಂಗ ಕಸಿ ಮಾಡಿಸಿಕೊಂಡವರು ತೆಗೆದುಕೊಳ್ಳುವಂಥ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ, ಇಂಥದ್ದು ಏನಾದರೂ ಇದ್ದರೆ ಮಾತ್ರ ಡಾಕ್ಟರ್ ಹತ್ತಿರ ನೀವಾಗಿಯೇ ಕೇಳಿ.

ನಿಮ್ಮ ತಂಗಿಯ ಪರಿಸ್ಥಿತಿ ಬೇರೆ. ಅವರಿಗೆ ಹೊಸ ಲಸಿಕೆ ಕೈಗೆಟಕುತ್ತದೆ, ಅಲ್ಲಿ ಚಳಿಗಾಲದಲ್ಲಿ ಕಿಟಕಿ ಬಾಗಿಲು ಮುಚ್ಚಿ ಕೂತಾಗ ಕೋವಿಡ್ ಹರಡುವುದೂ ಜಾಸ್ತಿ. ಅವರಿಗೂ ಗೊಂದಲ ಆಗಿದ್ದರೆ ಆಶ್ಚರ್ಯವಿಲ್ಲ. 2025ರ ಮೇ 27ರಂದು ಅಮೆರಿಕದ ಆರೋಗ್ಯ ಸಚಿವರು, ಆರೋಗ್ಯವಂತ ಬಸುರಿಯರಿಗೆ ಈ ಲಸಿಕೆಯ ಶಿಫಾರಸು ಇಲ್ಲ ಎಂದು ಒಂದು ವಿಡಿಯೋದಲ್ಲಿ ಹೇಳಿದರು. ಅಲ್ಲಿನ ಪ್ರಸೂತಿ ತಜ್ಞರ ಸಂಘ ಒಪ್ಪಲಿಲ್ಲ, ಹಾಕಿಸಿಕೊಳ್ಳಿ ಎಂದೇ ಹೇಳುತ್ತಿದೆ. ಬ್ರಿಟನ್ ಕೂಡ 2025ರ ಶರತ್ಕಾಲದ ಪಟ್ಟಿಯಿಂದ ಬಸುರಿಯರನ್ನು ಕೈಬಿಟ್ಟಿತು, ಆದರೆ ಅಲ್ಲಿ ಖರ್ಚಿಗೆ ತಕ್ಕ ಲಾಭ ಇದೆಯಾ ಎಂದು ಲೆಕ್ಕ ಹಾಕಿ. ಲಸಿಕೆಯಿಂದ ಮಗುವಿಗೆ ತೊಂದರೆ ಕಂಡುಬಂತು ಎಂದಲ್ಲ. ನಾನು ಅವರ ಡಾಕ್ಟರ್ ಆಗಿದ್ದರೆ ಹಾಕಿಸಿಕೊ ಎನ್ನುತ್ತಿದ್ದೆ, ಮುಖ್ಯವಾಗಿ ಕೂಸಿಗಾಗಿ. ಅಮೆರಿಕದಲ್ಲಿ 2022ರಿಂದ 2024ರವರೆಗೆ ಕೋವಿಡ್‌ನಿಂದ ಆಸ್ಪತ್ರೆಗೆ ಸೇರಿದ ಆರು ತಿಂಗಳೊಳಗಿನ ಶಿಶುಗಳಲ್ಲಿ ಐದಕ್ಕೊಂದು ಐಸಿಯು ತನಕ ಹೋಗಿದೆ. ಅವರ ತಾಯಂದಿರಲ್ಲಿ ಬಸಿರಿನಲ್ಲಿ ಲಸಿಕೆ ಪಡೆದವರು ಐದರಲ್ಲಿ ಒಬ್ಬರೂ ಇರಲಿಲ್ಲ.

ನಿಮಗೆ ಈ ಬಸಿರಿನಲ್ಲಿ ಅದಕ್ಕಿಂತ ಮುಖ್ಯವಾದ ಎರಡು ಲಸಿಕೆ ಇವೆ. ಒಂದು ಫ್ಲೂ ಲಸಿಕೆ, ಸಾಮಾನ್ಯವಾಗಿ 26 ವಾರದ ನಂತರ ಕೊಡುತ್ತೇವೆ. ಇನ್ನೊಂದು ಟಿಡ್ಯಾಪ್, 27ರಿಂದ 36 ವಾರದೊಳಗೆ, ಕೂಸಿಗೆ ನಾಯಿಕೆಮ್ಮು ಬಾರದಿರಲಿ ಎಂದು. ಎರಡೂ ದುಡ್ಡು ಕೊಟ್ಟು ಹಾಕಿಸಿಕೊಳ್ಳಬೇಕು. ಸೀಮಂತದ ಸೀರೆಗೆ ಎತ್ತಿಟ್ಟ ಹಣದಲ್ಲಿ ಸ್ವಲ್ಪ ಇದಕ್ಕೂ ತೆಗೆದಿಡಿ.

ಮನೆಯಲ್ಲಿ ಯಾರಿಗಾದರೂ ಜ್ವರ, ಗಂಟಲು ನೋವು ಬಂದರೆ ಅವರು ಮಾಸ್ಕ್ ಹಾಕಿಕೊಳ್ಳಲಿ, ನೀವು ಬೇರೆ ಕೋಣೆಯಲ್ಲಿ ಮಲಗಿ. ನಿಮಗೇ ಜ್ವರ ಬಂದರೆ ತಡೆದುಕೊಂಡು ಕೂರಬೇಡಿ. ಪ್ಯಾರಾಸಿಟಮಾಲ್, ಅಂದರೆ ನಮ್ಮ ಡೋಲೋ, ಡಾಕ್ಟರ್ ಹೇಳಿದ ಪ್ರಮಾಣದಲ್ಲಿ ತೆಗೆದುಕೊಳ್ಳಬಹುದು. ಐಬುಪ್ರೊಫೇನ್ ಇರುವ ನೋವಿನ ಮಾತ್ರೆ ಬೇಡ, 20 ವಾರದ ನಂತರವಂತೂ ಬೇಡವೇ ಬೇಡ. 2022ರಲ್ಲಿ ಮೆಡಿಕಲ್ ಶಾಪ್‌ಗಳಲ್ಲಿ ಮೊಲ್ನುಪಿರಾವಿರ್ ಎಂಬ ಕೋವಿಡ್ ಮಾತ್ರೆ ಬಂದಿತ್ತು. ಅದು ಬಸುರಿಯರು ಮುಟ್ಟಬಾರದ್ದು. ಹಳೆ ಡಬ್ಬದಲ್ಲಿ ಉಳಿದಿದ್ದರೆ ಬಿಸಾಕಿ. ಆಕ್ಸಿಮೀಟರ್ ಇದ್ದರೆ ಬೆರಳಿನ ಬಣ್ಣ ತೆಗೆದು ನೋಡಿ. 95ಕ್ಕಿಂತ ಕೆಳಗೆ ಬಂದರೆ, ಮಾತಾಡುವಾಗ ಏದುಸಿರು ಬಂದರೆ, ಮಗುವಿನ ಒದೆತ ಕಡಿಮೆ ಆಯಿತು ಎನಿಸಿದರೆ, ಬೆಳಗಾಗಲಿ ಎಂದು ಕಾಯದೆ ಹೊರಡಿ.

ಮುಂದಿನ ಚೆಕಪ್‌ಗೆ ಹೋಗುವಾಗ ಹಳೆಯ ತಾಯಿ ಕಾರ್ಡ್ ಹುಡುಕಿ ಜೊತೆಗೆ ತೆಗೆದುಕೊಂಡು ಹೋಗಿ. ಕೋವಿಡ್ ಡೋಸ್‌ನ ತಾರೀಕು ತೋರಿಸಿ. ಹಿಂದಿನ ಬಸಿರಿನಲ್ಲಿ ಟಿಡಿ ಇಂಜೆಕ್ಷನ್ ಯಾವಾಗ ಆಗಿತ್ತು ಎಂಬುದನ್ನೂ ತೋರಿಸಿ. ಟಿಟಿ ಬದಲಿಗೆ ಈಗ ಕೊಡುವುದು ಟಿಡಿ. ಅದಾಗಿ ಮೂರು ವರ್ಷ ದಾಟಿದ್ದರೆ ಒಂದು ಬೂಸ್ಟರ್ ಸಾಲದು. ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್ ಬೇಕು. ನಿಮಗೆ ಈಗಾಗಲೇ 5 ತಿಂಗಳು ಎಂದಿದ್ದೀರಿ. ಮೊದಲನೆಯದು ಆಗಿದೆಯಾ ಎಂದು ಕಾರ್ಡ್ ತೆಗೆದು ಇವತ್ತೇ ನೋಡಿ.